ಫೋಟೋಗೆ ತೋಡಿದ ಪಾಯ

ಜನವರಿ ೯

ಮಗಳೇ,

ನಿನಗೆ ಬಡ್ತಿ ಸಿಕ್ಕ ಸುದ್ದಿಯನ್ನು ನಿನ್ನಮ್ಮ ಅಕ್ಕಪಕ್ಕದ ಮನೆಗಳಿಗೆಲ್ಲ ಹೇಳಿ ಮುಗಿಸಿ ಈಗ ಎದುರು ಸಾಲಿಗೆ ಹೋಗಿದ್ದಾಳೆ. ನಾನು ಮಾತ್ರ ಅಂಗಡಿಯಲ್ಲಿ ಯಾರಿಗೂ ಹೇಳಿಲ್ಲ. ಏನೆಂದು ಹೇಳಲಿ? ನಾವು ಇಷ್ಟು ಕಾಲ ಮಾರಿ ಹೊಟ್ಟೆ ಹೊರೆದ ಆಮೆಯನ್ನು ಇನ್ನು ತಯಾರಿಸುವುದು ದಂಡ ಅಂತ ಕಂಪನಿಗೆ ಲೆಕ್ಕ ಹಾಕಿ ಕೊಟ್ಟವಳು ನನ್ನ ಮಗಳೇ, ಅದಕ್ಕೇ ಬಡ್ತಿ ಅಂತಲೇ? ಆ ಪುಟ್ಟ ಕಾರಿಗೆ ಆಮೆ ಅಂತ ಹೆಸರಿಟ್ಟವರು ಜನ. ಹಿಂದಿನಿಂದ ನೋಡಿದರೆ ಹಾಗೇ ಇತ್ತು, ಓಡುವುದೂ ಹೆಚ್ಚುಕಡಿಮೆ ಹಾಗೇ. ಆದರೂ ಮೊದಲ ಸಲ ಕಾರು ಕೊಳ್ಳುವವರು ಗಂಡ ಹೆಂಡತಿ ಮಕ್ಕಳು ಸಮೇತ ಬಂದು, ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ ನೋಡುತ್ತಿದ್ದರಲ್ಲ, ಅದು ದೊಡ್ಡ ಕಾರು ಕೊಳ್ಳುವವರಲ್ಲಿ ಇಲ್ಲ. ಇರಲಿ. ನಿನಗೆ ಲೆಕ್ಕ ಕಲಿಸಿದವನೂ ನಾನೇ.

ಈಗ ಹೊಸ ತಲೆನೋವು. ಇದ್ದ ಅಂಗಡಿ ಕೆಡವಿ ನೆಲದಿಂದ ಸೂರಿನವರೆಗೆ ಗಾಜಿನ ಶೋರೂಮು ಕಟ್ಟಬೇಕು, ಇಲ್ಲವಾದರೆ ಏಜೆನ್ಸಿ ಹೋದೀತು ಅಂತ ಕಂಪನಿ ಸುತ್ತೋಲೆ ಕಳಿಸಿದೆ. ಏರಿಯಾ ಮ್ಯಾನೇಜರ್ ಬಂದು ಟೇಪು ಹಿಡಿದು ಅಳೆದುಕೊಂಡೂ ಹೋದ. ಅವನ ವಯಸ್ಸಿಗಿಂತ ನನ್ನ ಅಂಗಡಿಯ ಮೇಜಿಗೇ ಹೆಚ್ಚು ವಯಸ್ಸು. 'ಸರ್, ಈ ಮೇಜು ನೋಡಿದ್ರೆ ಗಿರಾಕಿ ಓಡಿಹೋಗ್ತಾನೆ' ಅಂದ. 'ಇಲ್ಲೀವರೆಗೆ ಯಾರೂ ಓಡಿಲ್ಲಪ್ಪ, ಕೂತು ಟೀ ಕುಡಿದಿದಾರೆ' ಅಂದೆ.

ಸೇತುವೆ ಮಾಮ ನಿನ್ನೆ ಬಂದಿದ್ದ. ಹೊಳೆಯ ಆಚೆ ಅವನು, ಈಚೆ ನಾನು. ಒಂದೇ ಕಂಪನಿಯ ಕಾರು ಮಾರಿಕೊಂಡು ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಒಂದು ದಿನವೂ ಎಳೆದುಕೊಳ್ಳಲಿಲ್ಲ ಅಂದರೆ ಈಗಿನವರು ನಗುತ್ತಾರೆ. ಅವನಿಗೂ ಅದೇ ಸುತ್ತೋಲೆ. 'ನಂಗೇನೂ ಗೊತ್ತಾಗಲ್ಲ ಮಾರಾಯ, ನೀನು ಕಟ್ಟಿದ್ರೆ ನಾನೂ ಕಟ್ತೀನಿ, ನೀನು ಬಿಟ್ರೆ ನಾನೂ ಬಿಡ್ತೀನಿ' ಅಂದ. ಕಟ್ಟಬೇಕೆಂದರೆ ಇಬ್ಬರೂ ಮನೆಯನ್ನೇ ಬ್ಯಾಂಕಿನಲ್ಲಿ ಅಡ ಇಡಬೇಕು.

ನಿನ್ನ ಆಫೀಸಿನ ವಿಷಯ ನಾನು ಯಾವತ್ತೂ ಕೇಳಿಲ್ಲ, ಈಗಲೂ ಕೇಳುವುದಿಲ್ಲ. ನಿನ್ನ ಫೋನು ಆಫೀಸಿನದು, ಕಂಪ್ಯೂಟರೂ ಅವರದೇ; ಅದಕ್ಕೇ ಅಂಚೆಗೆ ಹಾಕುತ್ತಿದ್ದೇನೆ. ನಿನಗೆ ಏನಾದರೂ ಬರೆಯಬೇಕು ಅನ್ನಿಸಿದರೆ ಬರೆ. ಅನ್ನಿಸದಿದ್ದರೆ ಆರೋಗ್ಯ ವಿಚಾರಿಸಿ ಬರೆ.

ನಿನ್ನ ದಾರಿ ಕಾಯುವ
ಅಪ್ಪ


ಜನವರಿ ೨೧

ಅಪ್ಪ,

ಕೇಳುವುದಿಲ್ಲ ಅಂತ ಎಷ್ಟು ಚೆನ್ನಾಗಿ ಕೇಳುತ್ತೀಯ! ಕಾರು ಮಾರಿ ಮಾರಿ ಬಂದ ವಿದ್ಯೆ ಇದು.

ಕಟ್ಟಬೇಡ. ನೀನೂ ಕಟ್ಟಬೇಡ, ಮಾಮನೂ ಕಟ್ಟುವುದು ಬೇಡ.

ಆಮೆಯ ವಿಷಯದಲ್ಲಿ ನನ್ನ ಲೆಕ್ಕ ತಪ್ಪಿಲ್ಲ, ಈಗಲೂ ಅದನ್ನೇ ಹೇಳುತ್ತೇನೆ. ಒಂದು ಆಮೆ ಮಾರಿದರೆ ಕಂಪನಿಗೆ ಉಳಿಯುತ್ತಿದ್ದದ್ದರಲ್ಲಿ ಅದಕ್ಕೊಂದು ಟೈರೂ ಬರುತ್ತಿರಲಿಲ್ಲ. ನೀನು ಕೋಪ ಮಾಡಿಕೊಂಡರೂ ಸರಿ, ಅದನ್ನು ನಿಲ್ಲಿಸಿದ್ದು ಜಾಣತನವೇ. ಆದರೆ ಗಾಜಿನ ಶೋರೂಮಿನ ಯೋಜನೆ ನನ್ನದಲ್ಲ, ನಮ್ಮ ದೊಡ್ಡ ಸಾಹೇಬರದು. ಹೊರಗಿನ ದೊಡ್ಡ ಕಂಪನಿಯೊಂದು ನಮ್ಮದರಲ್ಲಿ ಪಾಲು ಕೊಳ್ಳಲು ಬರುತ್ತಿದೆ. ಅವರು ಬಂದು ನೋಡುವಾಗ ಊರೂರಲ್ಲೂ ಗಾಜಿನ ಶೋರೂಮು ಥಳಥಳ ಅನ್ನಬೇಕು, ಪಾಲಿನ ಬೆಲೆ ಏರಬೇಕು. ಕಟ್ಟುವ ಖರ್ಚು ನಿಮ್ಮದು. ವ್ಯಾಪಾರ ಕುದುರಿದ ಮೇಲೆ ಏಜೆನ್ಸಿಗಳನ್ನೆಲ್ಲ ರದ್ದು ಮಾಡಿ, ಫೋನಿನಲ್ಲೇ ಬುಕ್ ಮಾಡಿಸಿಕೊಂಡು ಕಂಪನಿಯೇ ನೇರವಾಗಿ ಕಾರು ಮಾರುವುದು. ಆಮೇಲೆ ಖಾಲಿ ಬಿದ್ದ ಶೋರೂಮುಗಳನ್ನು ಚಿಲ್ಲರೆ ಬಾಡಿಗೆಗೆ ಹಿಡಿದು, ಗಿರಾಕಿಗೆ ಕಾರಿನ ಬೀಗದ ಕೈ ಕೊಡುವ ಜಾಗ ಮಾಡಿಕೊಳ್ಳುವುದು. ಸಾಹೇಬರು ಇದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದಾಗ ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಈ ವಿಷಯ ಹೊರಗೆ ಬಿಡುವುದಿಲ್ಲ ಅಂತ ನಾನು ಸಹಿ ಹಾಕಿ ಕೊಟ್ಟಿದ್ದೇನೆ. ಗೊತ್ತಾದರೆ ಕೆಲಸ ಹೋಗುವುದಷ್ಟೇ ಅಲ್ಲ, ಕೋರ್ಟಿಗೂ ಎಳೆಯುತ್ತಾರೆ. ಮಾಮನಿಗೆ ನನ್ನ ಹೆಸರು ಹೇಳಬೇಡ, ಕಾರಣವನ್ನೂ ಹೇಳಬೇಡ. 'ಬೇಡ' ಅನ್ನು, ಸಾಕು. ನಿನ್ನ ಮಾತನ್ನು ಅವರು ಯಾವಾಗ ಮೀರಿದ್ದಾರೆ?

ನಿನ್ನ
ಮಗಳು


ಫೆಬ್ರವರಿ ೬

ಮಗಳೇ,

ನಿನ್ನ ಕಾಗದ ಓದಿ ಅಂಗಡಿಯಲ್ಲೇ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತೆ. ನನ್ನ ಹುಡುಗರು 'ಸಾಹೇಬ್ರಿಗೆ ನಿದ್ದೆ' ಅಂದುಕೊಂಡರು. ನಾವು ಈ ಕಂಪನಿಯ ಬಾವುಟ ಎದೆಗೆ ಸಿಕ್ಕಿಸಿಕೊಂಡು ತಿರುಗಿದವರು. ನಮ್ಮ ಕೈಯಿಂದಲೇ ಕಟ್ಟಿಸಿ ನಮ್ಮನ್ನೇ ಹೊರಗೆ ಹಾಕುವುದು ಅಂದರೆ ಅದಕ್ಕೂ ಒಂದು ತಲೆ ಬೇಕು. ನಿನ್ನ ಸಾಹೇಬರಿಗೆ ನನ್ನ ನಮಸ್ಕಾರ.

ಮೊನ್ನೆ ಏರಿಯಾ ಮ್ಯಾನೇಜರ್ ಮತ್ತೆ ಬಂದ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ನಗುನಗುತ್ತಾ, 'ಏನ್ಸಾರ್, ಎಲ್ಲರಿಗಿಂತ ಮೊದಲು ಶುರು ಮಾಡ್ತೀರ ಅಂದ್ಕೊಂಡಿದ್ವಿ. ಮಗಳು ಹೆಡ್ ಆಫೀಸಿನಲ್ಲೇ ಇದಾರಲ್ಲ, ಏನಾದ್ರೂ ಹೇಳಿದ್ರಾ?' ಅಂದ. ನಗುತ್ತಲೇ ಕೇಳಿದ, ಆದರೆ ಕಣ್ಣು ನಗುತ್ತಿರಲಿಲ್ಲ. 'ಅವಳು ಮನೆಗೆ ಕಾಗದ ಬರೆಯೋದೇ ಅಪರೂಪ, ನಾಳೆನೇ ಪಾಯ ತೋಡಿಸ್ತೀನಿ ಕಣಪ್ಪ' ಅಂದುಬಿಟ್ಟೆ. ಆಡಿದ ಮೇಲೆ ಮಾಡದಿದ್ದರೆ ಆಗುತ್ತದೆಯೇ? ಮರುದಿನವೇ ಜೆಸಿಬಿ ಕರೆಸಿ ಅಂಗಡಿಯ ಮುಂದೆ ಆಳವಾಗಿ ಅಗೆಸಿದೆ. ಮ್ಯಾನೇಜರ್ ಬಂದು ನನ್ನನ್ನು ಪಾಯದ ಅಂಚಿಗೆ ನಿಲ್ಲಿಸಿ, ತಲೆಗೆ ಹಳದಿ ಟೊಪ್ಪಿ ಹಾಕಿಸಿ ಫೋಟೋ ಹೊಡೆದುಕೊಂಡು ಹೋದ.

ಹೆದರಬೇಡ, ಅಗೆಸಿದ್ದಷ್ಟೇ. ಒಂದು ಕಲ್ಲೂ ಇಡುವುದಿಲ್ಲ. ಮಣ್ಣು ಸಡಿಲ ಇದೆ, ಮೇಸ್ತ್ರಿ ಕೈಕೊಟ್ಟ, ಸಿಮೆಂಟು ಬಂದಿಲ್ಲ ಅಂತ ತಳ್ಳಿಕೊಂಡು ಹೋಗುತ್ತೇನೆ. ಸದ್ಯಕ್ಕೆ ಅದರಲ್ಲಿ ಬೀದಿನಾಯಿ ಸಂಸಾರ ಹೂಡಿದೆ. ಒಬ್ಬ ಗಿರಾಕಿ ರಿವರ್ಸ್ ತೆಗೆಯುವಾಗ ಇನ್ನೇನು ಒಳಗೆ ಬೀಳುತ್ತಿದ್ದ. ನಾಟಕದಲ್ಲಿ ಪಾರ್ಟು ಮಾಡದೆ ಇಷ್ಟು ವರ್ಷ ವ್ಯರ್ಥ ಮಾಡಿಕೊಂಡೆ ಅನ್ನಿಸುತ್ತದೆ.

ಮಾಮನಿಗೆ ಸಮಯ ನೋಡಿ ಹೇಳುತ್ತೇನೆ. ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ನಿನಗೇ ಗೊತ್ತು. ಏರಿಯಾ ಮ್ಯಾನೇಜರ್ ಒಂದು ಟೀ ಕುಡಿಸಿದರೆ ಎಲ್ಲ ಹೊರಗೆ ಹಾಕುತ್ತಾನೆ.

ಜೋಪಾನ.
ಅಪ್ಪ


ಫೆಬ್ರವರಿ ೨೫

ಅಪ್ಪ,

ನಿನ್ನ ಫೋಟೋ ನೋಡಿದೆ. ಎಲ್ಲಿ ಅಂತೀಯ? ನಮ್ಮ ಮೀಟಿಂಗಿನಲ್ಲಿ, ಗೋಡೆಯಷ್ಟು ದೊಡ್ಡ ಪರದೆಯ ಮೇಲೆ. ಹಳದಿ ಟೊಪ್ಪಿ, ನಿನ್ನ ಹೊಟ್ಟೆ, ಪಕ್ಕದಲ್ಲಿ ಮಣ್ಣಿನ ಗುಡ್ಡೆ. ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು, 'ನೋಡಿ, ಇವರ ತಂದೆ! ಅನುಭವಸ್ಥರು! ಇವರೇ ಅಗೆಸಿದ ಮೇಲೆ ಉಳಿದವರಿಗೆ ಏನು ಧಾಡಿ?' ಅಂದರು. ಹಿಂದೆಮುಂದೆ ನೋಡುತ್ತಿರುವ ಡೀಲರುಗಳಿಗೆಲ್ಲ ಆ ಫೋಟೋ ಕಳಿಸುವಂತೆ ಅಲ್ಲೇ ಹೇಳಿದರು. ನಾನು ಹಲ್ಲು ಕಿರಿದೆ. ಎಲ್ಲರೂ ನನ್ನ ಕೈ ಕುಲುಕಿದರು.

ಮಾಮನಿಗೂ ಆ ಫೋಟೋ ಹೋಗಿರುತ್ತದೆ. ಸಮಯ ನೋಡುವುದು ಅಂತ ಇನ್ನು ಇಲ್ಲ. ಈ ಕಾಗದ ಓದಿ ಮುಗಿಸಿ ಚಪ್ಪಲಿ ಮೆಟ್ಟಿಕೊಂಡು ಹೊರಡು. ಅವರ ಬಾಯಿಯ ಚಿಂತೆ ನನಗಿರಲಿ, ನನ್ನ ಕೆಲಸ ಹೋದರೂ ಹೋಗಲಿ. ನಾನು ಚಿಕ್ಕವಳಿದ್ದಾಗ ಆಸ್ಪತ್ರೆಯಲ್ಲಿ ನನ್ನ ಪಕ್ಕ ನಿದ್ದೆಗೆಟ್ಟು ಕೂತವರು ಅವರು.

ಮಗಳು


ಏಪ್ರಿಲ್ ೧೮

ಮಗಳೇ,

ಇಷ್ಟು ದಿನ ಬರೆಯದ್ದಕ್ಕೆ ಕಾರಣ ನಿನಗೆ ಗೊತ್ತೇ ಇರುತ್ತದೆ, ಆದರೂ ಬರೆಯುತ್ತೇನೆ. ಮಾಮನ ಶೋರೂಮಿನ ಸೂರು ಬಿತ್ತು. ಸೂರು ಬಿತ್ತು ಅಂದರೆ ಕೆಳಗೆ ಬಿದ್ದದ್ದಲ್ಲ, ಕಾಂಕ್ರೀಟು ಹಾಕಿದರು. ಮನೆಯ ಪತ್ರ ಬ್ಯಾಂಕಿನಲ್ಲಿದೆ.

ನಿನ್ನ ಕಾಗದ ಬಂದ ದಿನ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ, ಸುಳ್ಳಲ್ಲ. ಅಲ್ಲಿ ಹೋಗಿ ನೋಡಿದರೆ ಆಗಲೇ ಕಂಬ ಎದ್ದಿವೆ. ಮಾಮ ಮರಳಿನ ರಾಶಿಯ ಮೇಲೆ ರಾಜನ ಹಾಗೆ ನಿಂತಿದ್ದಾನೆ. 'ಬಾ ಬಾ, ನೀನು ಅಗೆಸಿದ್ದು ಫೋಟೋದಲ್ಲಿ ನೋಡಿದ ದಿನವೇ ನಾನೂ ಅಗೆಸಿಬಿಟ್ಟೆ. ಮನೆಯವಳು ಬೇಡ ಬೇಡ ಅಂದ್ಲು. ಅವನು ಯೋಚನೆ ಮಾಡದೆ ಕೈ ಹಾಕೋನಲ್ಲ, ನೀನು ಸುಮ್ನಿರು ಅಂದೆ' ಅಂದ. ಅಷ್ಟರಲ್ಲಿ ಆ ಏರಿಯಾ ಮ್ಯಾನೇಜರೂ ಅಲ್ಲಿಗೆ ಬಂದ. ನನ್ನನ್ನು ನೋಡಿ ಕೈ ಮುಗಿದ. ಅವನ ಎದುರು ಹೇಳುವ ಹಾಗಿರಲಿಲ್ಲ. ಟೀ ಕುಡಿದು ಎದ್ದು ಬಂದೆ.

ಆಮೇಲೆ ಇನ್ನೂ ಎರಡು ಸಲ ಹೋದೆ. ಹೋದಾಗಲೆಲ್ಲ ಕಟ್ಟಡ ಇನ್ನಷ್ಟು ಎದ್ದಿರುತ್ತಿತ್ತು, ಹೇಳುವುದು ಇನ್ನಷ್ಟು ಕಷ್ಟವಾಗುತ್ತಿತ್ತು. ಈಗ ಹೇಳಿದರೆ 'ಮೊದಲೇ ಯಾಕೆ ಹೇಳಲಿಲ್ಲ' ಅನ್ನುತ್ತಾನೆ.

ನೀನು ನನ್ನ ಮೇಲೆ ಕೆಂಡ ಕಾರುತ್ತೀಯ, ಕಾರು. ಆದರೆ ತಂದೆ ಅನ್ನಿಸಿಕೊಂಡವನ ಮುಂದೆ ಗೆಳೆಯನ ಅಂಗಡಿ, ಮಗಳ ಬದುಕು ಎರಡನ್ನೂ ಇಟ್ಟು ಒಂದನ್ನು ತೆಗೆದುಕೋ ಅಂದರೆ ಅವನು ಯಾವುದನ್ನು ತೆಗೆದುಕೊಳ್ಳುತ್ತಾನೆ? ಈ ವಿಷಯ ಇನ್ನು ಬರೆಯಬೇಡ.

ಅಪ್ಪ


ಏಪ್ರಿಲ್ ೨೪

ಅಪ್ಪ,

ಬರೆಯುತ್ತೇನೆ. ನನ್ನ ಬದುಕನ್ನು ನಿನ್ನ ಮುಂದೆ ಇಟ್ಟದ್ದು ನಾನು, ನೀನು ಕೇಳಿ ತೆಗೆದುಕೊಂಡದ್ದಲ್ಲ. ಅದನ್ನು ಏನು ಮಾಡಬೇಕು ಅಂತಲೂ ಬರೆದಿದ್ದೆ. ನೀನು ನನ್ನನ್ನು ಉಳಿಸಿದೆ ಅಂತ ಇನ್ನೊಮ್ಮೆ ಬರೆಯಬೇಡ, ಮೈ ಉರಿಯುತ್ತದೆ.

ಗಾಜು ಇನ್ನೂ ಹಾಕಿಸಿಲ್ಲ ತಾನೆ? ಗಾಜೇ ಎಲ್ಲಕ್ಕಿಂತ ದುಬಾರಿ, ಅದಕ್ಕೇ ಎರಡನೆಯ ಸಾಲ ಎತ್ತಬೇಕಾಗುವುದು. ಈಗ ನಿಂತರೆ ಬರೀ ಕಟ್ಟಡ ಉಳಿಯುತ್ತದೆ, ಗೋಡೆ ಎಬ್ಬಿಸಿ ಬೇರೆ ಯಾರಿಗಾದರೂ ಬಾಡಿಗೆಗೆ ಕೊಡಬಹುದು. 'ಮೊದಲೇ ಯಾಕೆ ಹೇಳಲಿಲ್ಲ' ಅಂದರೆ ಅನ್ನಿಸಿಕೋ. ಅನ್ನಿಸಿಕೊಂಡರೆ ಸಾಯುವುದಿಲ್ಲ.

ಮಗಳು


ಸೆಪ್ಟೆಂಬರ್ ೧೨

ಮಗು,

ನಾನು ಸೇತುವೆ ಮಾಮ. ನನ್ನ ಅಕ್ಷರ ನಿನಗೆ ಗುರುತು ಸಿಗಲಿಕ್ಕಿಲ್ಲ, ನಾನು ಯಾರಿಗೂ ಕಾಗದ ಬರೆದವನಲ್ಲ. ಬಾಯಿ ಇದ್ದವನಿಗೆ ಪೆನ್ನು ಯಾಕೆ ಅಂತ ಮಾಮಿ ತಮಾಷೆ ಮಾಡುತ್ತಿದ್ದಳು. ಈಗ ಅವಳೇ ಕಾಗದ ತಂದುಕೊಟ್ಟಳು.

ಕಂಪನಿಯಿಂದ ನೋಟಿಸು ಬಂತು. ಏಜೆನ್ಸಿ ರದ್ದು. ನಿನಗೆ ಗೊತ್ತೇ ಇರುತ್ತದೆ. ಇಷ್ಟು ವರ್ಷದ ಸೇವೆಗೆ ಕೃತಜ್ಞತೆಗಳು ಅಂತ ಕೆಳಗೆ ಚಂದ ಮಾಡಿ ಅಚ್ಚು ಹಾಕಿದ್ದಾರೆ. ಗಾಜು ಹಾಕಿಸಿ ಅದರ ಮೇಲಿನ ಅಂಟು ಕಾಗದವನ್ನೂ ಪೂರ್ತಿ ಕಿತ್ತಿರಲಿಲ್ಲ ಮಗು. ನೋಟಿಸಿನ ಹಿಂದೆಯೇ ಏರಿಯಾ ಮ್ಯಾನೇಜರ್ ಬಂದು, ಈ ಜಾಗವನ್ನು ಕಂಪನಿ ಬಾಡಿಗೆಗೆ ಹಿಡಿಯಲು ಮನಸ್ಸು ಮಾಡಿದೆ ಅಂದ. ಅವನು ಹೇಳಿದ ಬಾಡಿಗೆಯಲ್ಲಿ ಬ್ಯಾಂಕಿನ ಬಡ್ಡಿಯೂ ತೀರುವುದಿಲ್ಲ.

ಅದಕ್ಕೆ ನಾನು ಅಳುತ್ತಿಲ್ಲ. ವ್ಯಾಪಾರದಲ್ಲಿ ಮುಳುಗುವವರು ಇದ್ದೇ ಇರುತ್ತಾರೆ, ಈ ಸಲ ನನ್ನ ಸರದಿ. ಒಂದೇ ಒಂದು ಮಾತು ಒಳಗೆ ಕುಟುಕುತ್ತಿದೆ. ನಿನ್ನಪ್ಪ ಪಾಯ ತೋಡಿಸಿದ, ಆಮೇಲೆ ಒಂದು ಕಲ್ಲೂ ಇಡಲಿಲ್ಲ. ಕೇಳಿದಾಗಲೆಲ್ಲ ಮೇಸ್ತ್ರಿ ಬಂದಿಲ್ಲ ಅನ್ನುತ್ತಿದ್ದ. ನಾನೇ ನನ್ನ ಮೇಸ್ತ್ರಿಯನ್ನು ಕಳಿಸಿದೆ, ಅವನನ್ನೂ ಸಾಗಹಾಕಿದ. ಈಗ ಮಾಮಿ ಕೇಳುತ್ತಾಳೆ, 'ಅವರಿಗೆ ಗೊತ್ತಿತ್ತಾ?' ಅಂತ. 'ಥೂ, ಬಾಯಿ ಮುಚ್ಚು' ಅಂದೆ. ಅಂದ ಮೇಲೆ ನನಗೇ ಊಟ ಸೇರುತ್ತಿಲ್ಲ.

ಅವನನ್ನೇ ಕೇಳೋಣ ಅಂದರೆ ಧೈರ್ಯ ಸಾಲದು. ಗೊತ್ತಿಲ್ಲದೆ ಇದ್ದರೆ, ಕೇಳಿದ ತಪ್ಪಿಗೆ ಜೀವಮಾನದ ಸ್ನೇಹ ಹೋಗುತ್ತದೆ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಗೊತ್ತಿತ್ತು ಅಂದರೂ ಪರವಾಗಿಲ್ಲ. ಮನಸ್ಸು ಗಟ್ಟಿ ಮಾಡಿಕೊಂಡಿದ್ದೇನೆ. ಹೋಗಿ ಬಾಯಿಗೆ ಬಂದಂತೆ ಬೈದು, ಬೇಕಾದರೆ ಎರಡು ಬಿಟ್ಟು, ಅಲ್ಲೇ ಕೂತು ಅತ್ತು ಬರುತ್ತೇನೆ. ಅಷ್ಟಕ್ಕೆ ಮುಗಿಯುತ್ತದೆ. ಅವನು ಬಿಟ್ಟರೆ ನನಗೂ ಯಾರಿದ್ದಾರೆ? ಗೊತ್ತಿತ್ತೋ ಇಲ್ಲವೋ, ಅಷ್ಟು ಹೇಳು.

ನಿನ್ನ ಒಳ್ಳೆಯದನ್ನೇ ಬಯಸುವ
ಮಾಮ


ಸೆಪ್ಟೆಂಬರ್ ೧೯

ಮಾಮ,

ಅಪ್ಪನಿಗೆ ಏನೂ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ನನಗೆ, ಜನವರಿಯಿಂದಲೇ. ಹೊರಗೆ ಬಿಡುವುದಿಲ್ಲ ಅಂತ ಕಂಪನಿಗೆ ಸಹಿ ಹಾಕಿ ಕೊಟ್ಟಿದ್ದೆ, ಅದಕ್ಕೇ ಮನೆಯವರಿಗೂ ಹೇಳಲಿಲ್ಲ. ಅಪ್ಪ ಕಟ್ಟಬೇಕು ಅಂತಲೇ ಅಗೆಸಿದ್ದು. ಬ್ಯಾಂಕಿನವರು ಅವನ ವಯಸ್ಸು ನೋಡಿ ಸಾಲ ಕೊಡಲಿಲ್ಲ. ಅದನ್ನು ನಿಮ್ಮ ಹತ್ತಿರ ಹೇಳಲು ನಾಚಿಕೆಪಟ್ಟು ಮೇಸ್ತ್ರಿಯ ನೆಪ ಹೇಳುತ್ತಿದ್ದ. ನೀವು ಕಳಿಸಿದ ಮೇಸ್ತ್ರಿಯನ್ನು ಸಾಗಹಾಕಿದ್ದೂ ಅದಕ್ಕೇ. ಅವನು ಎಷ್ಟು ಜಂಬದ ಮನುಷ್ಯ ಅಂತ ನಿಮಗೆ ಗೊತ್ತಲ್ಲ.

ಬೈಯುವುದಿದ್ದರೆ ನನ್ನನ್ನು ಬೈಯಿರಿ. ಅಪ್ಪನ ಮೇಲೆ ಅನುಮಾನ ಬೇಡ. ನಿಮ್ಮ ಏಜೆನ್ಸಿ ಹೋದ ಹಾಗೆ ಅವನದೂ ಹೋಗಿದೆ.

ನಿಮ್ಮ ಮುಂದೆ ಮುಖ ತೋರಿಸಲಾರದ
ಮಗು


ಸೆಪ್ಟೆಂಬರ್ ೧೯

ಅಪ್ಪ,

ನಿನಗೆ ಗೊತ್ತಿತ್ತೇ ಅಂತ ಮಾಮ ಕೇಳಿ ಬರೆದಿದ್ದರು. ಗೊತ್ತಿರಲಿಲ್ಲ, ಬ್ಯಾಂಕು ಸಾಲ ಕೊಡಲಿಲ್ಲ, ಅದನ್ನು ಮುಚ್ಚಿಡಲು ನೆಪ ಹೇಳಿದೆ ಅಂತ ಬರೆದಿದ್ದೇನೆ. ತಪ್ಪೆಲ್ಲ ನನ್ನ ಮೇಲೆ ಹಾಕಿಕೊಂಡಿದ್ದೇನೆ. ನೀನು ಅದಕ್ಕೇ ಅಂಟಿಕೋ. ಅವರು ಬಂದರೆ ಬಾಯಿ ಬಿಡಬೇಡ. ಅವರಿಗೆ ಉಳಿದಿರುವುದು ನೀನೊಬ್ಬನೇ, ಅದನ್ನಾದರೂ ಉಳಿಸು.

ಮಗಳು


ಸೆಪ್ಟೆಂಬರ್ ೨೭

ಮಗು,

ನಿನ್ನ ಕಾಗದ ಬಂತು. ನಾಲ್ಕೈದು ದಿನದ ಹಿಂದೆ ಬೆಳಿಗ್ಗೆಯೇ ಬಂತು. ಮಾಮಿಗೆ ಗಟ್ಟಿಯಾಗಿ ಓದಿ ಹೇಳಿದೆ. 'ನೋಡಿದ್ಯಾ, ಎಂಥಾ ಮನುಷ್ಯನ ಮೇಲೆ ಅನುಮಾನಪಟ್ಟೆ' ಅಂತ ಅವಳ ಮೇಲೆ ರೇಗಿದೆ. ಅವಳೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಶೋರೂಮು ಹೋಯಿತು, ಮನೆ ಹೋಗುವುದರಲ್ಲಿದೆ, ಆದರೂ ನನಗೆ ಎಷ್ಟು ಹಗುರ ಆಯಿತು ಅಂದರೆ, ಸುಮಾರು ದಿನದ ಮೇಲೆ ಮುಖಕ್ಷೌರ ಮಾಡಿಕೊಂಡೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿನ್ನಪ್ಪನ ಹತ್ತಿರ ಹೊರಟೆ.

ಅವನು ಅಂಗಡಿಯಲ್ಲಿ ಒಬ್ಬನೇ ಕೂತಿದ್ದ. ನಾನು ಹೋದವನೇ ಅವನ ಎರಡೂ ಕೈ ಹಿಡಿದುಕೊಂಡೆ. 'ನಿನ್ನ ಮೇಲೆ ಅನುಮಾನಪಟ್ಟೆ ಕಣೋ, ನಾಲಿಗೆಗೆ ಬರಬಾರದ್ದು ಬಂತು, ದೊಡ್ಡ ಮನಸ್ಸು ಮಾಡಿ ಕ್ಷಮಿಸಿಬಿಡು' ಅಂದೆ. ಅವನು ನನ್ನ ಮುಖ ನೋಡಿದ. ನಾನು ಮತ್ತೆ ಕ್ಷಮೆ ಕೇಳಿದೆ. ಆಗ ಅಳಲು ಶುರು ಮಾಡಿದ. ನನ್ನ ಸ್ಥಿತಿಗೆ ಅಳುತ್ತಿದ್ದಾನೆ ಅಂದುಕೊಂಡು ನಾನು ಬೆನ್ನು ಸವರುತ್ತಾ ಕೂತೆ. ಬೆನ್ನು ಸವರುತ್ತಿರುವಾಗಲೇ ಎಲ್ಲ ಹೇಳಿದ. ನೀನು ಜನವರಿಯಲ್ಲೇ ಬರೆದದ್ದು, ನನಗೂ ಹೇಳು ಅಂತ ಬರೆದದ್ದು, ಗಾಜು ಹಾಕಿಸುವ ಮೊದಲಾದರೂ ಹೇಳು ಅಂತ ಬರೆದದ್ದು, ಎಲ್ಲ. ಅಷ್ಟರಲ್ಲಿ ಅಂಚೆಯವನು ಬಂದು ನಿನ್ನ ಇನ್ನೊಂದು ಕಾಗದ ಮೇಜಿನ ಮೇಲೆ ಇಟ್ಟು ಹೋದ. ನಿನ್ನಪ್ಪ ಒಡೆದು ಓದಿ, ನನ್ನ ಕೈಗೇ ಕೊಟ್ಟ.

ನಿನ್ನ ಮೇಲೆ ಕೋಪ ಅಂತ ತಿಳಿಯಬೇಡ. ನೀನು ನನ್ನ ಒಳ್ಳೆಯದಕ್ಕೇ ಸುಳ್ಳು ಬರೆದೆ. ಅವನು ನಿನ್ನ ಒಳ್ಳೆಯದಕ್ಕೇ ಸುಮ್ಮನಿದ್ದ. ನಿಮ್ಮ ಸಾಹೇಬರೂ ಕಂಪನಿಯ ಒಳ್ಳೆಯದಕ್ಕೇ ಮಾಡಿದ್ದಾರೆ. ಕಂಪನಿಯ ಷೇರು ಏರಿದೆಯಂತೆ, ಪೇಪರಿನಲ್ಲಿ ಓದಿದೆ.

ಮೊನ್ನೆ ಬಾಡಿಗೆಯ ಕಾಗದಕ್ಕೆ ಸಹಿ ಹಾಕಿದೆ. ಬೇರೆ ದಾರಿ ಇರಲಿಲ್ಲ. ಜಾಗ ನೋಡಿಕೊಳ್ಳಲು ಒಬ್ಬ ಬೇಕು ಅಂದರು, ನಾನೇ ಇರುತ್ತೇನೆ ಅಂದೆ. ಬೆಳಿಗ್ಗೆ ಗಾಜು ಒರೆಸಬೇಕು. ಗಿರಾಕಿ ಫೋನು ತೋರಿಸಿದರೆ ಬೀಗದ ಕೈ ಕೊಡಬೇಕು. ಮಾತಾಡುವ ಅಗತ್ಯವಿಲ್ಲ ಅಂತ ಮ್ಯಾನೇಜರ್ ಹೇಳಿದ್ದಾನೆ.

ನಿನ್ನಪ್ಪ ದಿನವೂ ಬರುತ್ತಿದ್ದಾನೆ. ಬಾಗಿಲ ಹೊರಗೆ ನಿಂತಿರುತ್ತಾನೆ, ಒಳಗೆ ಬಾ ಅನ್ನಲು ನನ್ನಿಂದ ಆಗುತ್ತಿಲ್ಲ. ಅವನು ಮಾಡಿದ್ದಕ್ಕಲ್ಲ ಮಗು. ಅದನ್ನು ಕ್ಷಮಿಸಲು ತಯಾರಾಗಿಯೇ ಇದ್ದೆ, ನಿನಗೆ ಬರೆದಿದ್ದೆನಲ್ಲ. ನೀನು 'ಗೊತ್ತಿತ್ತು' ಅಂತ ಒಂದು ಮಾತು ಬರೆದಿದ್ದರೆ ಹೋಗಿ ಎರಡು ಬಿಟ್ಟು, ಅತ್ತು, ಅಲ್ಲೇ ಊಟ ಮಾಡಿ ಬರುತ್ತಿದ್ದೆ. ಆದರೆ ನಿನ್ನ ಕಾಗದ ನಂಬಿ, ನನ್ನ ಮನೆ ಮುಳುಗಿಸಿದವನ ಕೈ ಹಿಡಿದು ನಾನೇ ಕ್ಷಮೆ ಕೇಳಿಬಿಟ್ಟೆ. ಒಂದು ಸಲವಲ್ಲ, ಎರಡು ಸಲ ಕೇಳಿದೆ. ಅದನ್ನು ನನ್ನಿಂದ ಮರೆಯಲಾಗುತ್ತಿಲ್ಲ.

ಇದಕ್ಕೆ ಉತ್ತರ ಬರೆಯಬೇಡ. ಬರೆದರೆ ನಂಬಬೇಕು ಅನ್ನಿಸುತ್ತದೆ.

ಮಾಮ